ಎಳೆಯರ ಮಧುಮೇಹವೂ ವೈರಸ್ಸುಗಳೂ

ಬೆಂಗಳೂರಿನ ದಕ್ಷಿಣ ಭಾಗದ ಹೊಸಕೆರೆಹಳ್ಳಿಯಿಂದ ನಮ್ಮ ಕಾಲೇಜಿಗೆ ಬರುವ ವಿದ್ಯಾರ್ಥಿಗಳು ಹಲವರಿದ್ದಾರೆ. ಅವರಲ್ಲಿ ಒಬ್ಬ ಹುಡುಗಿ ಒಂದು ಮಳೆಗಾಲದಲ್ಲಿ ಐದಾರು ದಿನ ಜ್ವರದಿಂದ ಮಲಗಿದಳು. ಜ್ವರ ಬಿಟ್ಟಿತು, ತರಗತಿಗೂ ಬಂದಳು. ಆದರೆ ಪಾಠದ ನಡುವೆ ಎರಡು ಮೂರು ಸಲ ನೀರು ಕುಡಿಯುವಳು. ಪದೇ ಪದೇ ಹೊರಕ್ಕೆ ಹೋಗಲು ಅಪ್ಪಣೆ ಬೇಡುವಳು. ಮೂರು ವಾರಗಳಲ್ಲಿ ಮುಖ ಬಾಡಿತು, ಉಡುಪು ಸಡಿಲವಾಯಿತು. ಜ್ವರದ ನಿಶ್ಶಕ್ತಿಯೆಂದು ಮನೆಯವರು ತಿಳಿದರು; ಪರೀಕ್ಷೆಯ ಚಿಂತೆಯೆಂದು ನಾವು ತಿಳಿದೆವು. ಒಂದು ಮುಂಜಾನೆ ವಾಂತಿ, ಹೊಟ್ಟೆನೋವು, ಏದುಸಿರು ಒಟ್ಟಿಗೇ ಬಂದುವು. ಆಸ್ಪತ್ರೆಯನ್ನು ಸೇರುವ ಹೊತ್ತಿಗೆ ಅವಳಿಗೆ ಅರ್ಧ ಪ್ರಜ್ಞೆ ತಪ್ಪಿತ್ತು. ರಕ್ತವನ್ನು ಪರೀಕ್ಷಿಸಿದ ವೈದ್ಯರು ಇದು ಒಂದನೆಯ ಬಗೆಯ ಮಧುಮೇಹವೆಂದರು. ಹುಡುಗಿ ಉಳಿದಳು. ಈಗ ದಿನವೂ ಇನ್ಸುಲಿನ್ ಚುಚ್ಚಿಕೊಂಡು ಎಂದಿನಂತೆ ಓದುತ್ತಿದ್ದಾಳೆ.

ಕೆಲವು ದಿನಗಳ ತರುವಾಯ ಅವಳ ತಂದೆ ನಮ್ಮನ್ನು ಕಂಡರು. “ಆ ದಿನ ಮಳೆಯಲ್ಲಿ ಅವಳನ್ನು ಅಂಗಡಿಗೆ ಕಳುಹಿಸಿದವನು ನಾನೇ. ನೆನೆದಳು, ಜ್ವರ ಬಂತು. ಆ ಜ್ವರ ಬಾರದೆ ಇದ್ದಿದ್ದರೆ ಈ ರೋಗವೂ ಬರುತ್ತಿರಲಿಲ್ಲ, ಅಲ್ಲವೆ?” ಎಂದು ಕೇಳಿದರು. ನಾವು ಭೌತವಿಜ್ಞಾನವನ್ನು ಬೋಧಿಸುವವರೇ ಹೊರತು ವೈದ್ಯರಲ್ಲ. ಆದರೂ ಅವರು ಕೇಳಿದ್ದು ಎಲ್ಲ ವಿಜ್ಞಾನಗಳಿಗೂ ಸೇರಿದ ಪ್ರಶ್ನೆ. ಒಂದು ಘಟನೆಯ ಹಿಂದೆಯೇ ಇನ್ನೊಂದು ಬಂದರೆ, ಮೊದಲಿನದು ಎರಡನೆಯದಕ್ಕೆ ಕಾರಣವೆನ್ನಬಹುದೆ? ಆ ತಂದೆಗೆ ಅಂದು ನಮ್ಮಲ್ಲಿ ಉತ್ತರವಿರಲಿಲ್ಲ. ಅನಂತರ ಓದಿ ತಿಳಿದುಕೊಂಡುದನ್ನು ಇಲ್ಲಿ ಓದುಗರ ಮುಂದಿಡುತ್ತಿದ್ದೇವೆ.

ರೋಗದ ಸ್ವರೂಪ

ನಮ್ಮ ಜಠರದ ಹಿಂದೆ ಮೇದೋಜೀರಕ ಗ್ರಂಥಿಯಿದೆ. 1869ರಲ್ಲಿ ಜರ್ಮನಿಯ ಪಾಲ್ ಲಾಂಗರ್‌ಹಾನ್ಸ್ ಎಂಬ ತರುಣ ವಿದ್ಯಾರ್ಥಿ ಈ ಗ್ರಂಥಿಯಲ್ಲಿ ಅಲ್ಲಲ್ಲಿ ದ್ವೀಪಗಳಂತೆ ಚದರಿರುವ ಜೀವಕೋಶಗಳ ಗುಂಪುಗಳನ್ನು ಕಂಡನು. ಒಬ್ಬ ಮನುಷ್ಯನಲ್ಲಿ ಇಂಥ ದ್ವೀಪಗಳು ಸುಮಾರು ಹತ್ತು ಲಕ್ಷ ಇರುತ್ತವೆ. ಅವುಗಳಲ್ಲಿನ ಬೀಟಾ ಕೋಶಗಳು ಇನ್ಸುಲಿನ್ ಎಂಬ ರಸವನ್ನು ರಕ್ತಕ್ಕೆ ಒಸರುತ್ತವೆ. ರಕ್ತದಲ್ಲಿನ ಸಕ್ಕರೆ ಸ್ನಾಯು, ಕೊಬ್ಬು ಮೊದಲಾದ ಅಂಗಾಂಶಗಳ ಜೀವಕೋಶಗಳೊಳಕ್ಕೆ ಹೋಗಬೇಕಾದರೆ ಇನ್ಸುಲಿನ್ ಬಾಗಿಲು ತೆರೆಯಬೇಕು. ಅದಿಲ್ಲದೆ ಹೋದರೆ ರಕ್ತದಲ್ಲಿ ಸಕ್ಕರೆ ತುಂಬಿ ತುಳುಕುತ್ತಿದ್ದರೂ ಜೀವಕೋಶಗಳು ಉಪವಾಸವಿರುತ್ತವೆ. ಹೆಚ್ಚಾದ ಸಕ್ಕರೆ ಮೂತ್ರದಲ್ಲಿ ಹೊರಬೀಳುವಾಗ ನೀರನ್ನೂ ಸೆಳೆದೊಯ್ಯುತ್ತದೆ. ಬಾಯಾರಿಕೆಗೂ, ಬಹುಮೂತ್ರಕ್ಕೂ, ಮೈ ಇಳಿಯುವುದಕ್ಕೂ ಇದೇ ಕಾರಣ. ಸಕ್ಕರೆಯನ್ನು ಬಳಸಲಾರದ ದೇಹ ಕೊಬ್ಬನ್ನು ಉರಿಸತೊಡಗಿದಾಗ ಹುಟ್ಟುವ ಆಮ್ಲಗಳು ರಕ್ತವನ್ನು ಸೇರಿ ಪ್ರಾಣಕ್ಕೇ ಅಪಾಯವನ್ನು ತರುತ್ತವೆ. ನಮ್ಮ ವಿದ್ಯಾರ್ಥಿನಿಗೆ ಆದುದು ಇದೇ.

ಹಿರಿಯರಲ್ಲಿ ಸಾಮಾನ್ಯವಾಗಿ ಕಾಣುವ ಎರಡನೆಯ ಬಗೆಯ ಮಧುಮೇಹದಲ್ಲಿ ಇನ್ಸುಲಿನ್ ಇದ್ದರೂ ದೇಹ ಅದಕ್ಕೆ ಸರಿಯಾಗಿ ಓಗೊಡುವುದಿಲ್ಲ. ಒಂದನೆಯ ಬಗೆಯ ಸಂಗತಿಯೇ ಬೇರೆ. ಹೊರಗಿನ ರೋಗಾಣುಗಳನ್ನು ಹೊಡೆಯಬೇಕಾದ ದೇಹದ ರಕ್ಷಣಾ ವ್ಯವಸ್ಥೆಯೇ ಇಲ್ಲಿ ದಿಕ್ಕು ತಪ್ಪಿ ತನ್ನದೇ ಬೀಟಾ ಕೋಶಗಳನ್ನು ಕೊಲ್ಲುತ್ತದೆ. ಮಗು ತಿಂದ ಸಿಹಿಗೂ ಈ ರೋಗಕ್ಕೂ ಸಂಬಂಧವಿಲ್ಲ. 1922ರ ಜನವರಿಯಲ್ಲಿ ಕೆನಡಾದ ಟೊರಾಂಟೊದಲ್ಲಿ 14 ವರ್ಷದ ಬಾಲಕನೊಬ್ಬನಿಗೆ ಇನ್ಸುಲಿನ್ ಕೊಡುವವರೆಗೆ ಈ ರೋಗ ತಗುಲಿದ ಮಕ್ಕಳು ಬದುಕುವ ಆಸೆಯೇ ಇರಲಿಲ್ಲ.

ಇದು ನಮ್ಮ ನಾಡಿಗೆ ಹೊರತಾದ ರೋಗವಲ್ಲ. ವೈದ್ಯ ಪ್ರಸನ್ನಕುಮಾರ್ ಮತ್ತು ಸಂಗಡಿಗರು 1995ರಿಂದ ಕರ್ನಾಟಕದ ರೋಗಿಗಳ ದಾಖಲೆಯೊಂದನ್ನು ಇಟ್ಟರು. ಹದಿಮೂರು ವರ್ಷಗಳ ಎಣಿಕೆಯಂತೆ ವರ್ಷವೊಂದಕ್ಕೆ ಲಕ್ಷ ಗಂಡುಮಕ್ಕಳಲ್ಲಿ 3.7, ಲಕ್ಷ ಹೆಣ್ಣುಮಕ್ಕಳಲ್ಲಿ 4.0 ಹೊಸ ರೋಗಿಗಳು ಕಂಡುಬಂದರು. ಫಿನ್ಲೆಂಡಿನಲ್ಲಿ ಈ ಪ್ರಮಾಣ ಇದರ ಹತ್ತು ಪಟ್ಟಿಗೂ ಮಿಗಿಲು. ಆದರೆ ನಮ್ಮ ಜನಸಂಖ್ಯೆ ದೊಡ್ಡದು. ಅಂತರರಾಷ್ಟ್ರೀಯ ಮಧುಮೇಹ ಒಕ್ಕೂಟದ 2021ರ ಅಂದಾಜಿನಂತೆ, 20 ವರ್ಷದೊಳಗಿನ ಒಂದನೆಯ ಬಗೆಯ ಮಧುಮೇಹಿಗಳು ಅತ್ಯಂತ ಹೆಚ್ಚಾಗಿರುವ ದೇಶ ಭಾರತವೇ; ಅವರ ಸಂಖ್ಯೆ ಸುಮಾರು 2 ಲಕ್ಷ 29 ಸಾವಿರ.

ಗುಮಾನಿಯ ಹುಟ್ಟು

ರಕ್ಷಣಾ ವ್ಯವಸ್ಥೆ ದಿಕ್ಕು ತಪ್ಪುವುದು ಏತಕ್ಕೆ? ಅನುವಂಶೀಯತೆಗೆ ಇದರಲ್ಲಿ ಪಾತ್ರವುಂಟು. ಆದರೆ ಅದೊಂದೇ ಸಾಲದು. ಒಂದೇ ಅಂಡದಿಂದ ಹುಟ್ಟಿ ಒಂದೇ ಬಗೆಯ ಜೀನುಗಳನ್ನು ಪಡೆದ ಅವಳಿಗಳಲ್ಲಿಯೂ ಒಬ್ಬರಿಗೆ ರೋಗ ಬಂದು ಇನ್ನೊಬ್ಬರು ಆರೋಗ್ಯದಿಂದಿರುವುದುಂಟು. ಹಾಗಾದರೆ ಹೊರಗಿನಿಂದ ಬರುವ ಏನೋ ಒಂದು ಇದರಲ್ಲಿ ಕೈಯಾಡಿಸಿರಬೇಕು. ವೈದ್ಯರ ಸಂಶಯ ವೈರಸ್ಸುಗಳ ಮೇಲೆ ಬಿದ್ದುದು ಸಹಜವೇ. ಮಂಗಬಾವಿನ ಬೆನ್ನಿಗೇ ಮಧುಮೇಹ ಬಂದ ರೋಗಿಯೊಬ್ಬನ ವೃತ್ತಾಂತ 1899ರಷ್ಟು ಹಿಂದೆಯೇ ಅಮೆರಿಕದ ವೈದ್ಯಪತ್ರಿಕೆಯೊಂದರಲ್ಲಿ ಅಚ್ಚಾಗಿತ್ತು.

ಇಂದು ಹೆಚ್ಚಿನ ಗುಮಾನಿಗೆ ಒಳಗಾಗಿರುವುದು ಕಾಕ್ಸಾಕಿ ಎಂಬ ವೈರಸ್ಸುಗಳ ‘ಬಿ’ ಗುಂಪು. ಇವು ಪೋಲಿಯೊ ವೈರಸ್ಸಿನ ದಾಯಾದಿಗಳು. ನ್ಯೂಯಾರ್ಕ್ ಪ್ರಾಂತದ ಕಾಕ್ಸಾಕಿ ಎಂಬ ಊರಿನ ಇಬ್ಬರು ಹುಡುಗರ ಮಲದಿಂದ ಈ ಕುಲದ ಮೊದಲ ವೈರಸ್ಸನ್ನು ಬೇರ್ಪಡಿಸಿದುದಾಗಿ ಡಾಲ್‌ಡಾರ್ಫ್ ಮತ್ತು ಸಿಕಲ್ಸ್ ಎಂಬುವರು 1948ರಲ್ಲಿ ಪ್ರಕಟಿಸಿದುದರಿಂದ ಆ ಊರಿನ ಹೆಸರೇ ನಿಂತಿತು. ಇದರ ಗಾತ್ರ ಸುಮಾರು 30 ನ್ಯಾನೊಮೀಟರ್. ಒಂದು ತಲೆಗೂದಲಿನ ದಪ್ಪದಷ್ಟು ಜಾಗದಲ್ಲಿ ಎರಡು ಸಾವಿರಕ್ಕೂ ಹೆಚ್ಚು ವೈರಸ್ಸುಗಳನ್ನು ಸಾಲಾಗಿ ನಿಲ್ಲಿಸಬಹುದು. ಕೊಳಕು ಕೈ, ನೀರು, ಕೆಮ್ಮುಗಳ ಮೂಲಕ ಇದು ಒಬ್ಬರಿಂದೊಬ್ಬರಿಗೆ ಹರಡುತ್ತದೆ. ಇದು ಹೊಕ್ಕವರಲ್ಲಿ ಬಹುಮಂದಿಗೆ ಸಣ್ಣ ನೆಗಡಿ, ಇಲ್ಲವೆ ಏನೂ ಇಲ್ಲ. ಈ ಕೊನೆಯ ಮಾತನ್ನು ಓದುಗರು ನೆನಪಿನಲ್ಲಿಡಬೇಕು. ಮುಂದೆ ಅದು ಬೇಕಾಗುತ್ತದೆ.

1979ರಲ್ಲಿ ಅಮೆರಿಕದ ಯೂನ್, ನಾಟ್ಕಿನ್ಸ್ ಮತ್ತು ಸಂಗಡಿಗರು ಪ್ರಕಟಿಸಿದ ವರದಿ ಗುಮಾನಿಗೆ ಬಲ ಕೊಟ್ಟಿತು. ಆರೋಗ್ಯದಿಂದಿದ್ದ ಹತ್ತು ವರ್ಷದ ಬಾಲಕನೊಬ್ಬ ಶೀತಜ್ವರದಂಥ ಕಾಯಿಲೆಯ ಬೆನ್ನಿಗೇ ತೀವ್ರ ಮಧುಮೇಹ ತಲೆದೋರಿ ತೀರಿಕೊಂಡಿದ್ದನು. ಅವನ ಮೇದೋಜೀರಕ ಗ್ರಂಥಿಯಿಂದ ಕಾಕ್ಸಾಕಿ ಬಿ-4 ವೈರಸ್ಸನ್ನು ಬೇರ್ಪಡಿಸಿ ಇಲಿಗಳಿಗೆ ಚುಚ್ಚಿದಾಗ ಕೆಲವು ತಳಿಯ ಇಲಿಗಳಲ್ಲಿ ಬೀಟಾ ಕೋಶಗಳು ಸತ್ತು ರಕ್ತದ ಸಕ್ಕರೆ ಏರಿತು. ಕಳ್ಳ ಕೈಗೆ ಸಿಕ್ಕಿಬಿದ್ದನೆಂದು ಹಲವರಿಗೆ ತೋರಿತು. ಆದರೆ ಹುಡುಗ ಒಬ್ಬನೇ. ಅವನ ರೋಗದ ಓಟವೂ ಅಸಾಧಾರಣ. ಉಳಿದ ಮಕ್ಕಳಲ್ಲಿಯೂ ಹೀಗೆಯೇ ಆಗುತ್ತದೆಯೆ?

ಕಾಗೆ, ತಾಳೆಹಣ್ಣು ಮತ್ತು ಕೆರೆಯ ಏರಿ

ಕಾಗೆ ಬಂದು ಕೂತೊಡನೆ ತಾಳೆಯ ಹಣ್ಣು ಬಿದ್ದರೆ ಕಾಗೆಯೇ ಕೆಡವಿತೆಂದು ನಂಬುವುದನ್ನು ಹಿರಿಯರು ಕಾಕತಾಳೀಯ ನ್ಯಾಯವೆಂದು ಕರೆದರು. ಇಲ್ಲಿ ಒಂದು ಸಣ್ಣ ಲೆಕ್ಕವನ್ನು ಮಾಡೋಣ. ಎಳೆಯ ಮಗುವಿಗೆ ವರ್ಷಕ್ಕೆ ಆರು ಸಲ ನೆಗಡಿ, ಕೆಮ್ಮು, ಜ್ವರ ಬರುವುದು ವಿಶೇಷವಲ್ಲ. ಆರು ಸಲವೆಂದರೆ ಎರಡು ತಿಂಗಳಿಗೆ ಒಂದು ಸಲ. ಆದುದರಿಂದ ವರ್ಷದ ಯಾವ ದಿನವನ್ನು ಕಣ್ಣು ಮುಚ್ಚಿ ಆರಿಸಿಕೊಂಡರೂ ಅದರ ಹಿಂದಿನ ಎರಡು ತಿಂಗಳಲ್ಲಿ ಸರಾಸರಿ ಒಂದು ಜ್ವರ ಇದ್ದೇ ಇರುತ್ತದೆ. ಮಧುಮೇಹ ತಿಳಿದುಬಂದ ದಿನವೂ ಹಾಗೆಯೇ. ‘ಜ್ವರದ ಅನಂತರ ಬಂತು’ ಎಂಬ ಮಾತು ಸತ್ಯವಾದರೂ ಅದರಿಂದ ಕಾರಣ ಸಿದ್ಧವಾಗುವುದಿಲ್ಲ.

ಈ ಸಂದಿಗ್ಧವನ್ನು ಬಿಡಿಸಬೇಕಾದರೆ ರೋಗ ನಿಜವಾಗಿ ಆರಂಭವಾಗುವುದು ಎಂದು ಎಂಬುದನ್ನು ತಿಳಿಯಬೇಕಾಗಿತ್ತು. 1974ರಲ್ಲಿ ಲಂಡನ್ನಿನ ಬೊಟಾಜೊ, ಡೋನಿಯಾಕ್ ಮೊದಲಾದವರು ಕೆಲವು ಮಧುಮೇಹಿಗಳ ರಕ್ತದಲ್ಲಿ ತಮ್ಮದೇ ದ್ವೀಪಗಳ ವಿರುದ್ಧ ಹುಟ್ಟಿದ ಪ್ರತಿಕಾಯಗಳನ್ನು ಕಂಡಿದ್ದರು. ಮುಂದಿನ ಮುಖ್ಯವಾದ ಹೆಜ್ಜೆಗಳಲ್ಲಿ ಒಂದನ್ನು ಇಟ್ಟವರಲ್ಲಿ ನಮ್ಮ ಬೆಂಗಳೂರಿನ ವೈದ್ಯರೊಬ್ಬರಿದ್ದಾರೆ. ಬಾಸ್ಟನ್ನಿನ ಜಾಸ್ಲಿನ್ ಮಧುಮೇಹ ಕೇಂದ್ರದಲ್ಲಿ ಐಸೆನ್‌ಬಾರ್ತ್ ಮೊದಲಾದವರೊಡನೆ ದುಡಿಯುತ್ತಿದ್ದ ಎಸ್. ಶ್ರೀಕಾಂತ ಅವರು 1983ರಲ್ಲಿ ಪ್ರಕಟಿಸಿದ ಲೇಖನ, ಒಂದೇ ಅಂಡದಿಂದ ಹುಟ್ಟಿದ ತ್ರಿವಳಿಗಳನ್ನೂ ಅವಳಿಗಳನ್ನೂ ಕುರಿತದ್ದು. ಮೊದಲು ಒಡಹುಟ್ಟಿದವರಲ್ಲಿ ಒಬ್ಬರಿಗೆ ಮಾತ್ರ ರೋಗವಿತ್ತು. ಆರೋಗ್ಯವಾಗಿದ್ದವರ ರಕ್ತವನ್ನು ವರ್ಷವರ್ಷವೂ ಪರೀಕ್ಷಿಸುತ್ತ ಹೋದಾಗ, ಮುಂದೆ ರೋಗಕ್ಕೆ ತುತ್ತಾದವರಲ್ಲಿ ಪ್ರತಿಕಾಯಗಳು ರೋಗಲಕ್ಷಣಗಳಿಗಿಂತ ವರ್ಷಗಳ ಮೊದಲೇ ಕಾಣಿಸಿಕೊಂಡಿದ್ದುವು; ಇನ್ಸುಲಿನ್ ಒಸರುವ ಶಕ್ತಿ ಸದ್ದಿಲ್ಲದೆ ಮೆಲ್ಲಮೆಲ್ಲನೆ ಕುಗ್ಗುತ್ತ ಬಂದಿತ್ತು. ಶ್ರೀಕಾಂತ ಅವರು ಮುಂದೆ ತಾಯ್ನಾಡಿಗೆ ಮರಳಿ ದಕ್ಷಿಣ ಬೆಂಗಳೂರಿನಲ್ಲಿಯೇ ಮಧುಮೇಹದ ಚಿಕಿತ್ಸಾಲಯವನ್ನು ಕಟ್ಟಿದರು.

ಈ ಶೋಧದ ಅರ್ಥವನ್ನು ತಿಳಿಯಲು ಕೆರೆಯೊಂದನ್ನು ನೆನೆಯೋಣ. ಹೊಸಕೆರೆಹಳ್ಳಿಯ ಹೆಸರಿನಲ್ಲಿಯೇ ಕೆರೆಯಿದೆಯಷ್ಟೆ. ಯಾವ ಕೆರೆಯ ಏರಿಯನ್ನಾದರೂ ಏಡಿಗಳೂ ಹೆಗ್ಗಣಗಳೂ ವರ್ಷಗಟ್ಟಲೆ ಒಳಗೊಳಗೇ ಕೊರೆಯಬಹುದು. ಮೇಲೆ ನಿಂತವರಿಗೆ ಹುಲ್ಲು ಹಸುರಾಗಿಯೇ ಕಾಣುತ್ತದೆ. ಒಂದು ರಾತ್ರಿ ಮಳೆ ಹೊಯ್ಯುತ್ತದೆ, ಏರಿ ಒಡೆಯುತ್ತದೆ. ಊರವರು ಆ ರಾತ್ರಿಯ ಮಳೆಯನ್ನು ಶಪಿಸುತ್ತಾರೆ. ಆದರೆ ಗಟ್ಟಿಯಾದ ಏರಿ ಅಂಥ ನೂರು ಮಳೆಗಳನ್ನು ತಡೆದೀತು.

ಜ್ವರ ಬಂದಾಗ ದೇಹಕ್ಕೆ ಎಂದಿಗಿಂತ ಹೆಚ್ಚು ಇನ್ಸುಲಿನ್ ಬೇಕಾಗುತ್ತದೆ. ಬೀಟಾ ಕೋಶಗಳು ಪೂರ್ಣವಾಗಿದ್ದರೆ ಅದನ್ನು ಒದಗಿಸುತ್ತವೆ. ಬಹುಪಾಲು ನಾಶವಾಗಿ ಕೆಲವೇ ಉಳಿದಿದ್ದರೆ ಅವು ಸೋಲುತ್ತವೆ. ಅಲ್ಲಿಯವರೆಗೆ ಮರೆಯಾಗಿದ್ದ ರೋಗ ಬಯಲಿಗೆ ಬರುತ್ತದೆ. ನೆನಪಿನಲ್ಲಿ ಉಳಿಯುವ ಜ್ವರ ಬಹುಮಟ್ಟಿಗೆ ಇಂಥ ಕೊನೆಯ ಮಳೆ.

ಏರಿಯನ್ನು ಕೊರೆಯುವವರು ಯಾರು?

ಹಾಗಾದರೆ ವೈರಸ್ಸುಗಳು ನಿರಪರಾಧಿಗಳೆ? ಅಷ್ಟು ಬೇಗ ಬಿಡುಗಡೆ ಮಾಡುವಂತಿಲ್ಲ. ಕೊನೆಯ ಮಳೆಯಾಗಿ ಬರುವ ವೈರಸ್ ಬೇರೆ. ವರ್ಷಗಳ ಹಿಂದೆ ಏರಿಯನ್ನು ಕೊರೆಯಲಾರಂಭಿಸಿದ ವೈರಸ್ ಬೇರೆ. ಎರಡನೆಯದನ್ನು ಹಿಡಿಯಬೇಕಾದರೆ ರೋಗ ಬಂದ ಮೇಲೆ ಹುಡುಕಿದರೆ ಸಾಲದು. ಹುಟ್ಟಿದಂದಿನಿಂದಲೇ ಮಕ್ಕಳ ಹಿಂದೆ ಹೋಗಬೇಕು.

2004ರಲ್ಲಿ ಅಮೆರಿಕ, ಫಿನ್ಲೆಂಡ್, ಜರ್ಮನಿ, ಸ್ವೀಡನ್ ದೇಶಗಳಲ್ಲಿ ‘ಟೆಡ್ಡಿ’ ಎಂಬ ಹೆಸರಿನ ಅಧ್ಯಯನ ಇದೇ ಉದ್ದೇಶದಿಂದ ಆರಂಭವಾಯಿತು. ರೋಗಕ್ಕೆ ಒಲಿಯುವ ಜೀನುಗಳುಳ್ಳ 8,676 ಶಿಶುಗಳನ್ನು ಆರಿಸಿಕೊಂಡು, ಅವರ ರಕ್ತವನ್ನೂ ಮಲವನ್ನೂ ವರ್ಷಗಳ ಕಾಲ ಸಂಗ್ರಹಿಸುತ್ತ ಬಂದರು. 2019ರಲ್ಲಿ ಪ್ರಕಟವಾದ ಫಲಿತಾಂಶ ಸ್ವಾರಸ್ಯವಾಗಿದೆ. ಬಂದು ಹೋಗುವ ಅಲ್ಪಕಾಲದ ಸೋಂಕುಗಳಿಗೂ ಪ್ರತಿಕಾಯಗಳ ಹುಟ್ಟಿಗೂ ಸಂಬಂಧ ಕಾಣಲಿಲ್ಲ. ಆದರೆ ಕಾಕ್ಸಾಕಿ ‘ಬಿ’ ಸೇರಿರುವ ಗುಂಪಿನ ವೈರಸ್ಸುಗಳು ಒಂದು ಮಗುವಿನ ಕರುಳಿನಲ್ಲಿ ದೀರ್ಘಕಾಲ ಬೀಡುಬಿಟ್ಟಿದ್ದರೆ, ಅಂಥ ಮಕ್ಕಳಲ್ಲಿ ಬೀಟಾ ಕೋಶಗಳ ವಿರುದ್ಧ ಪ್ರತಿಕಾಯಗಳು ಹುಟ್ಟುವ ಸಂಭವ ಹೆಚ್ಚಾಗಿತ್ತು.

ನಾರ್ವೆಯ ವಿಜ್ಞಾನಿಗಳು ಇನ್ನೊಂದು ದಾರಿಯನ್ನು ಹಿಡಿದರು. ಆಗತಾನೆ ರೋಗ ಕಂಡ ಆರು ಮಂದಿ ವಯಸ್ಕರು ತಮ್ಮ ಮೇದೋಜೀರಕದ ಚೂರನ್ನು ಪರೀಕ್ಷೆಗೆ ಕೊಡಲು ಒಪ್ಪಿದರು. 2015ರಲ್ಲಿ ಪ್ರಕಟವಾದ ವರದಿಯಂತೆ ಆರೂ ಮಂದಿಯ ದ್ವೀಪಗಳಲ್ಲಿ ಈ ಕುಲದ ವೈರಸ್ಸಿನ ಹೊರಕವಚದ ಪ್ರೋಟೀನು ಕಂಡುಬಂದಿತು. ಶಸ್ತ್ರಕ್ರಿಯೆಯಿಂದ ಕೆಲವರಿಗೆ ತೊಂದರೆಯಾದುದರಿಂದ ಪ್ರಯೋಗವನ್ನು ಅಲ್ಲಿಗೇ ನಿಲ್ಲಿಸಿದರು. ಬೀಟಾ ಕೋಶಗಳಲ್ಲಿ ಕಾಕ್ಸಾಕಿ ವೈರಸ್ ಹಿಡಿದುಕೊಳ್ಳಬಲ್ಲ ಗ್ರಾಹಕವೊಂದು ಹೇರಳವಾಗಿರುವುದೂ ತಿಳಿದುಬಂದಿದೆ. ಒಳಹೊಕ್ಕ ವೈರಸ್ ಮೆಲ್ಲನೆ ಅಡಗಿ ಕುಳಿತರೆ, ಅದನ್ನು ಹುಡುಕಿ ಬರುವ ರಕ್ಷಕ ಕೋಶಗಳು ಮನೆಯನ್ನೂ ಕಳ್ಳನನ್ನೂ ಒಟ್ಟಿಗೆ ಸುಡುತ್ತವೆಂದು ಊಹೆ.

ಎದುರು ಸಾಕ್ಷ್ಯವನ್ನೂ ಹೇಳಬೇಕು. ಫಿನ್ಲೆಂಡಿನಲ್ಲಿ 1982ರಿಂದ ಮಂಗಬಾವಿನ ಲಸಿಕೆಯನ್ನು ಹಾಕಿ ಆ ರೋಗವನ್ನೇ ಅಳಿಸಿದರು. ಮಧುಮೇಹದ ಏರಿಕೆ ಕೆಲಕಾಲ ನಿಂತಂತೆ ಕಂಡು, ಮತ್ತೆ ಮುಂದುವರಿಯಿತು. ಗಡಿಯಾಚೆಯ ರಷ್ಯಾದ ಕರೇಲಿಯದಲ್ಲಿ ಕಾಕ್ಸಾಕಿ ಕುಲದ ಸೋಂಕು ಫಿನ್ಲೆಂಡಿಗಿಂತ ಹೆಚ್ಚು. ಮಧುಮೇಹ ಮಾತ್ರ ಅಲ್ಲಿಯ ಸುಮಾರು ಆರನೆಯ ಒಂದು ಪಾಲು. ವೈರಸ್ ಹೆಚ್ಚಿದಷ್ಟೂ ರೋಗ ಹೆಚ್ಚಬೇಕೆಂಬ ನೇರ ಗಣಿತ ಇಲ್ಲಿ ಹೊಂದುವುದಿಲ್ಲ. ಸೋಂಕು ಸಾಮಾನ್ಯವಾಗಿರುವ ಕಡೆ ತಾಯಿಯ ರಕ್ತದಿಂದಲೂ ಮೊಲೆಹಾಲಿನಿಂದಲೂ ಶಿಶುವಿಗೆ ರಕ್ಷಣೆ ದೊರೆತಿರುತ್ತದೆ, ಅದು ವಿರಳವಾದ ಕಡೆ ಮಗು ಬರಿಗೈಯಲ್ಲಿ ವೈರಸ್ಸನ್ನು ಎದುರಿಸಬೇಕಾಗುತ್ತದೆ ಎಂದು ಕೆಲವು ವಿಜ್ಞಾನಿಗಳು ವಿವರಿಸುತ್ತಾರೆ. 2020ರಿಂದ ಹಬ್ಬಿದ ಕೋವಿಡ್ ಬಗೆಗೂ ಅಧ್ಯಯನಗಳು ಒಂದೇ ಮಾತನ್ನು ಹೇಳುವುದಿಲ್ಲ. ವೈರಸ್ ಒಂದು ಕಾರಣವಾಗಿರಬಹುದು, ಏಕೈಕ ಕಾರಣವಲ್ಲ. ತಕ್ಕ ಜೀನು, ತಕ್ಕ ವೈರಸ್, ತಕ್ಕ ವಯಸ್ಸು ಇವೆಲ್ಲ ಕೂಡಿಬಂದಾಗ ಮಾತ್ರ ಬೆಂಕಿ ಹೊತ್ತಿಕೊಳ್ಳುವಂತೆ ತೋರುತ್ತದೆ.

ತಡೆಯುವ ದಾರಿ

ಕಾರಣವನ್ನು ಸಿದ್ಧಪಡಿಸುವ ಅತ್ಯುತ್ತಮ ಪ್ರಯೋಗವೆಂದರೆ ಅದನ್ನು ತೆಗೆದುಹಾಕಿ ಪರಿಣಾಮ ನಿಲ್ಲುತ್ತದೆಯೇ ಎಂದು ನೋಡುವುದು. ಜರ್ಮನ್ ದಡಾರವೆಂಬ ರುಬೆಲ್ಲಾ ಇದಕ್ಕೆ ಮೊದಲ ಪಾಠವನ್ನು ಕೊಟ್ಟಿತು. ಗರ್ಭಿಣಿಯರಿಗೆ ಈ ಸೋಂಕು ತಗುಲಿದರೆ ಶಿಶುವಿನ ಕಣ್ಣು ಕೆಡುವುದನ್ನು ಆಸ್ಟ್ರೇಲಿಯದ ನಾರ್ಮನ್ ಗ್ರೆಗ್ 1941ರಲ್ಲಿ ಕಂಡುಹಿಡಿದನು. ಹಾಗೆ ಹುಟ್ಟಿದ ಮಕ್ಕಳನ್ನು ಮುಂದೆ ದಶಕಗಳ ಕಾಲ ನೋಡಿದಾಗ ಕೆಲವು ಅಧ್ಯಯನಗಳಲ್ಲಿ ಶೇಕಡಾ 20ರವರೆಗೆ ಮಧುಮೇಹ ಕಂಡಿತು. ಅದೆಲ್ಲ ಒಂದನೆಯ ಬಗೆಯದೇ ಎಂಬುದರಲ್ಲಿ ಭಿನ್ನಾಭಿಪ್ರಾಯವಿದ್ದರೂ, ವೈರಸ್ಸಿಗೂ ಮಧುಮೇಹಕ್ಕೂ ನಂಟುಂಟೆಂಬುದಕ್ಕೆ ಇದು ಹಳೆಯ, ಬಲವಾದ ಸಾಕ್ಷ್ಯ. ಈ ಸೋಂಕಿಗೆ ಲಸಿಕೆಯಿದೆ. ಭಾರತದಲ್ಲಿ ದಡಾರ-ರುಬೆಲ್ಲಾ ಲಸಿಕೆಯ ಮಹಾ ಆಂದೋಲನ 2017ರ ಫೆಬ್ರುವರಿಯಲ್ಲಿ ಮೊದಲಾದುದು ಕರ್ನಾಟಕವೂ ಸೇರಿದಂತೆ ಐದು ರಾಜ್ಯ ಮತ್ತು ಕೇಂದ್ರಾಡಳಿತ ಪ್ರದೇಶಗಳಲ್ಲಿ. ಒಂಬತ್ತು ತಿಂಗಳಿನಿಂದ ಹದಿನೈದು ವರ್ಷದೊಳಗಿನ ಮಕ್ಕಳಿಗೆ ಅಂದು ಶಾಲೆಗಳಲ್ಲಿಯೂ ಲಸಿಕೆ ಹಾಕಿದರು. ಇದನ್ನು ಓದುತ್ತಿರುವ ವಿದ್ಯಾರ್ಥಿಗಳಲ್ಲಿ ಹಲವರ ತೋಳು ಅದನ್ನು ಬಲ್ಲುದು.

ಕಾಕ್ಸಾಕಿಯ ವಿಷಯದಲ್ಲಿ ಇದೇ ಪ್ರಯತ್ನ ಈಗ ಆರಂಭದ ಹಂತದಲ್ಲಿದೆ. ‘ಬಿ’ ಗುಂಪಿನ ವಿರುದ್ಧ ತಯಾರಿಸಿದ ಲಸಿಕೆಯೊಂದರ ಮೊದಲ ಪರೀಕ್ಷೆ ಫಿನ್ಲೆಂಡಿನಲ್ಲಿ ವಯಸ್ಕರ ಮೇಲೆ ನಡೆದಿದೆ. ನಾರ್ವೆ ಮತ್ತು ಡೆನ್ಮಾರ್ಕಿನಲ್ಲಿ ಹೊಸದಾಗಿ ರೋಗ ಬಂದ 96 ಮಕ್ಕಳಲ್ಲಿ ಕೆಲವರಿಗೆ ಆರು ತಿಂಗಳು ವೈರಸ್‌ನಿರೋಧಕ ಔಷಧಗಳನ್ನು ಕೊಟ್ಟರು. 2023ರ ವರದಿಯಂತೆ, ವರ್ಷದ ಕೊನೆಯಲ್ಲಿ ಔಷಧ ಪಡೆದವರ ಸ್ವಂತ ಇನ್ಸುಲಿನ್ ಶಕ್ತಿ ಶೇಕಡಾ 11ರಷ್ಟು ಇಳಿದಿದ್ದರೆ, ಪಡೆಯದವರಲ್ಲಿ ಶೇಕಡಾ 24ರಷ್ಟು ಇಳಿದಿತ್ತು. ಇದು ಗುಣವಲ್ಲ, ಆದರೆ ವೈರಸ್ಸನ್ನು ಅಡಗಿಸಿದರೆ ಏರಿಯ ಸವೆತ ನಿಧಾನವಾಗುವುದೆಂಬ ಸೂಚನೆ. ಪ್ರತಿಕಾಯಗಳು ಕಂಡರೂ ಲಕ್ಷಣಗಳು ಕಾಣದಿರುವವರಲ್ಲಿ ರೋಗವನ್ನು ಸುಮಾರು ಎರಡು ವರ್ಷ ಮುಂದೂಡುವ ಟೆಪ್ಲಿಜುಮಾಬ್ ಎಂಬ ಔಷಧಕ್ಕೆ 2022ರಲ್ಲಿ ಅಮೆರಿಕ ಅನುಮತಿಯಿತ್ತಿತು. ರೋಗ ವರ್ಷಗಳ ಮೊದಲೇ ಆರಂಭವಾಗುವುದೆಂಬ ತಿಳಿವಳಿಕೆಯಿಲ್ಲದೆ ಇಂಥ ಔಷಧವನ್ನು ಯೋಚಿಸುವುದೂ ಸಾಧ್ಯವಿರಲಿಲ್ಲ.

ತಂದೆಗೆ ಉತ್ತರ

ಹೊಸಕೆರೆಹಳ್ಳಿಯ ಆ ತಂದೆಯನ್ನು ಮತ್ತೆ ಕಂಡಾಗ ನಾವು ಹೇಳಿದುದಿಷ್ಟು. ಮಳೆಯಲ್ಲಿ ನೆನೆದುದು ಈ ರೋಗಕ್ಕೆ ಕಾರಣವಲ್ಲ. ಆ ವಾರದ ಜ್ವರ ಬಹುಶಃ ಒಳಗಿದ್ದುದನ್ನು ಹೊರಗೆ ತೋರಿಸಿತು, ಅಷ್ಟೆ. ಇದರ ಹಿಂದೆ ವೈರಸ್ಸೊಂದು ಇದ್ದಿದ್ದರೂ ಅದು ವರ್ಷಗಳ ಹಿಂದೆ, ಸಣ್ಣ ನೆಗಡಿಯಾಗಿಯೋ ನೆಗಡಿಯೂ ಇಲ್ಲದೆಯೋ ಬಂದುದಾಗಿರಬಹುದು. ಅದನ್ನು ಯಾವ ತಂದೆಯೂ ಕಾಣಲಾರ, ಯಾವ ತಾಯಿಯೂ ತಡೆಯಲಾರಳು. ಅವರು ಬಹಳ ಹೊತ್ತು ಸುಮ್ಮನಿದ್ದು, “ಹಾಗಾದರೆ ಅವಳ ತಮ್ಮನನ್ನು ಮಳೆಗೆ ಬಿಡದೆ ಕೂಡಿಹಾಕಿದುದು ವ್ಯರ್ಥ” ಎಂದರು. ವ್ಯರ್ಥವೆಂದೇ ನಾವೂ ಹೇಳಿದೆವು.

ನಮ್ಮ ಕೈಯಲ್ಲಿ ನಿಜವಾಗಿ ಇದ್ದ ಕೆಲಸ ಒಂದೇ. ಅದನ್ನು ಅವರೂ ಮಾಡಲಿಲ್ಲ, ದಿನವೂ ಅವಳನ್ನು ನೋಡುತ್ತಿದ್ದ ನಾವೂ ಮಾಡಲಿಲ್ಲ. ಜ್ವರ ಬಿಟ್ಟ ಮೇಲೂ ಮಗುವಿಗೆ ತೀರದ ಬಾಯಾರಿಕೆ, ಪದೇ ಪದೇ ಮೂತ್ರ, ನಿಂತಿದ್ದ ಹಾಸಿಗೆ ಒದ್ದೆಮಾಡುವ ಅಭ್ಯಾಸ ಮತ್ತೆ ತಲೆದೋರುವುದು, ಉಣ್ಣುತ್ತಿದ್ದರೂ ತೂಕ ಇಳಿಯುವುದು, ಅತಿಯಾದ ಆಯಾಸ, ಇವುಗಳಲ್ಲಿ ಕೆಲವು ಕಂಡರೂ ಅಂದೇ ರಕ್ತದ ಸಕ್ಕರೆಯನ್ನು ಪರೀಕ್ಷಿಸಬೇಕು. ಬೆರಳ ತುದಿಯ ಒಂದು ಹನಿ ರಕ್ತ ಸಾಕು. ಉತ್ತರ ಒಂದು ನಿಮಿಷದೊಳಗೆ ದೊರೆಯುತ್ತದೆ. ವಾಂತಿ, ಏದುಸಿರು, ಉಸಿರಿನಲ್ಲಿ ಹಣ್ಣಿನ ವಾಸನೆ ಸೇರಿದರೆ ತಡಮಾಡದೆ ಆಸ್ಪತ್ರೆಗೆ ಹೋಗಬೇಕು. ತರಗತಿಯಲ್ಲಿ ಪಕ್ಕದ ಬೆಂಚಿನ ಗೆಳೆಯನೋ ಗೆಳತಿಯೋ ಹೀಗೆ ನೀರಿಗಾಗಿ ಹಂಬಲಿಸುವುದನ್ನು ಎಲ್ಲರಿಗಿಂತ ಮೊದಲು ಗಮನಿಸಬಲ್ಲವರು ವಿದ್ಯಾರ್ಥಿಗಳೇ. ಗಮನಿಸಿದವರು ಹೇಳಲು ಸಂಕೋಚಪಡಬಾರದು. ಮಳೆಗಾಲದ ಜ್ವರಗಳು ಬಂದು ಹೋದ ಮೇಲೆ ನಾವೀಗ ಹಾಜರಿ ಕೂಗುವಾಗ ಹೆಸರಿನ ಜೊತೆಗೆ ಮುಖವನ್ನೂ ನೋಡುತ್ತೇವೆ.